ಹಂಸಕಂಠದ ಸೀಸೆ

ಹಳಸಿದ ಸಾರಿನಲ್ಲಿ ಸೂಕ್ಷ್ಮಜೀವಿಗಳು ತಾವಾಗಿಯೇ ಹುಟ್ಟುತ್ತವೆಯೆ? ನಿರ್ಜೀವ ವಸ್ತುವಿನಿಂದ ಜೀವ ಆಕಸ್ಮಿಕವಾಗಿ ಮೂಡಬಲ್ಲುದೆ? ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳನ್ನು ಕಾಡಿದ ಈ ಪ್ರಶ್ನೆಯನ್ನು ಪ್ರಯೋಗದ ಒರೆಗಲ್ಲಿಗೆ ಹಚ್ಚಿದವನು ಲೂಯಿ ಪಾಶ್ಚರ್.

ಪಾಶ್ಚರನು 1822ರಲ್ಲಿ ಫ್ರಾನ್ಸ್ ದೇಶದ ದೋಲ್ ಎಂಬ ಊರಿನಲ್ಲಿ, ಚರ್ಮ ಹದಮಾಡುವ ಕಸುಬುದಾರನ ಮಗನಾಗಿ ಜನಿಸಿದನು. ರಸಾಯನಶಾಸ್ತ್ರವನ್ನು ವ್ಯಾಸಂಗಮಾಡಿ ಪ್ರಾಧ್ಯಾಪಕನಾದನು. ಜೀವೋತ್ಪತ್ತಿಯ ವಿವಾದಕ್ಕೆ ಇಳಿಯಬಾರದೆಂದು ಹಿರಿಯ ವಿಜ್ಞಾನಿಗಳಾದ ಬಿಯೋ ಮತ್ತು ದ್ಯೂಮಾ ಎಚ್ಚರಿಸಿದರೂ ಅವನು ಹಿಂಜರಿಯಲಿಲ್ಲ.

ಅವನು ಸೀಸೆಗಳಲ್ಲಿ ಯೀಸ್ಟ್ ಬೆರೆತ ಸಕ್ಕರೆ ನೀರನ್ನು ತುಂಬಿ, ಅವುಗಳ ಕಂಠವನ್ನು ಕಾಯಿಸಿ ಹಂಸದ ಕೊರಳಿನಂತೆ ಬಾಗಿಸಿ, ದ್ರವವನ್ನು ಕುದಿಸಿದನು. ತೆರೆದ ತುದಿಯಿಂದ ಗಾಳಿ ಒಳಹೊಕ್ಕರೂ ಧೂಳು ಬಾಗಿದೆಡೆಯಲ್ಲೇ ತಂಗಿತು. ತಿಂಗಳುಗಳು ಕಳೆದರೂ ದ್ರವ ತಿಳಿಯಾಗಿಯೇ ಇದ್ದಿತು. ಕಂಠವನ್ನು ಮುರಿದಾಗ ಕೆಲವೇ ದಿನಗಳಲ್ಲಿ ಅದರಲ್ಲಿ ಜೀವಿಗಳು ತುಂಬಿಕೊಂಡವು. ಅವು ಬಂದುದು ಧೂಳಿನೊಡನೆ. ಈ ಸಾಧನೆಗೆ 1862ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಬಹುಮಾನ ದೊರೆಯಿತು.

ಆದರೆ ರೂಆನ್ ನಗರದ ಪೂಷೆ ಎಂಬ ವಿಜ್ಞಾನಿ ಸೋಲೊಪ್ಪಲಿಲ್ಲ. ಅವನು ಕುದಿಸಿದ ಒಣಹುಲ್ಲಿನ ಕಷಾಯದಲ್ಲಿ ಜೀವಿಗಳು ಮತ್ತೆ ಕಾಣಿಸಿಕೊಂಡಿದ್ದವು. ಇದರ ಕಾರಣ 1876ರಲ್ಲಿ ಸ್ಪಷ್ಟವಾಯಿತು: ಹುಲ್ಲಿನಲ್ಲಿರುವ ಬ್ಯಾಕ್ಟೀರಿಯಗಳ ಗಟ್ಟಿ ಬೀಜಾಣುಗಳು ಕುದಿಯುವ ನೀರಿನಲ್ಲಿಯೂ ಸಾಯವು. ಪೂಷೆ ಕಂಡುದು ನಿಜ. ತೆಗೆದ ತೀರ್ಮಾನ ಮಾತ್ರ ತಪ್ಪು.

ಪಾಶ್ಚರನು 1895ರಲ್ಲಿ ನಿಧನಹೊಂದಿದನು. ಇಂದಿನ ಜೀವಿಗಳು ಜೀವಿಗಳಿಂದಲೇ ಹುಟ್ಟುತ್ತವೆಂದು ಅವನು ತೋರಿಸಿಕೊಟ್ಟನು. ಮುನ್ನೂರು ಕೋಟಿ ವರ್ಷಗಳಿಗೂ ಹಿಂದೆ ಮೊದಲ ಜೀವ ಹೇಗೆ ಮೂಡಿತೆಂಬುದು ಬೇರೆಯೇ ಪ್ರಶ್ನೆ. 1953ರಲ್ಲಿ ಅಮೆರಿಕದ ಮಿಲ್ಲರ್ ಅನಿಲಗಳಲ್ಲಿ ವಿದ್ಯುತ್ ಕಿಡಿ ಹಾಯಿಸಿ ಅಮೈನೋ ಆಮ್ಲಗಳನ್ನು ಪಡೆದನು, ಜೀವಕೋಶವನ್ನಲ್ಲ. ಆ ಪ್ರಶ್ನೆ ಇನ್ನೂ ಉತ್ತರವನ್ನು ಕಾದಿದೆ.