ಪೈಲಟ್‌ಗಳ ಪ್ರಾಣ ಕಾಯ್ದ ಜೇಮ್ಸ್ ಮಾರ್ಟಿನ್

ಆಕಾಶದಲ್ಲಿ ಜೆಟ್ ವಿಮಾನ ಕೆಟ್ಟರೆ ಪೈಲಟ್ ಏನು ಮಾಡಬೇಕು? ಹಳೇ ವಿಮಾನಗಳಲ್ಲಿ ಎದ್ದು ಪ್ಯಾರಾಚೂಟ್ ಸಮೇತ ಹೊರಗೆ ಹಾರುತ್ತಿದ್ದರು. ಜೆಟ್ ವೇಗದಲ್ಲಿ ಗಾಳಿಗೆ ಎದ್ದು ನಿಲ್ಲೋಕೇ ಆಗಲ್ಲ. ಹಾರಿದರೂ ವಿಮಾನದ ಬಾಲ ಬಡಿಯುವ ಭಯ.

ಇದಕ್ಕೆ ಉಪಾಯ ಹುಡುಕಿದವರಲ್ಲಿ ಜೇಮ್ಸ್ ಮಾರ್ಟಿನ್ ಮುಖ್ಯರು. ಇವರು 1893ರಲ್ಲಿ ಉತ್ತರ ಐರ್ಲೆಂಡಿನ ರೈತರ ಮನೆಯಲ್ಲಿ ಹುಟ್ಟಿದರು. ಇಂಗ್ಲೆಂಡಿನಲ್ಲಿ ಗೆಳೆಯ ವ್ಯಾಲೆಂಟೈನ್ ಬೇಕರ್ ಜೊತೆ ವಿಮಾನ ಕಂಪನಿ ಕಟ್ಟಿದರು. 1942ರಲ್ಲಿ ಇವರದೇ ಹೊಸ ವಿಮಾನವನ್ನು ಪರೀಕ್ಷಿಸುವಾಗ ಎಂಜಿನ್ ಕೆಟ್ಟು ಬೇಕರ್ ತೀರಿಕೊಂಡರು. ಅಲ್ಲಿಂದ ಪೈಲಟ್‌ಗಳನ್ನು ಉಳಿಸೋದೇ ಮಾರ್ಟಿನ್ ಅವರ ಚಿಂತೆಯಾಯಿತು.

ಮದ್ದು ಸಿಡಿಸಿ ಸೀಟಿನ ಸಮೇತ ಪೈಲಟನ್ನು ಮೇಲಕ್ಕೆ ಚಿಮ್ಮಿಸೋದು ಅವರ ಉಪಾಯ. ಆದರೆ ಒಮ್ಮೆಲೇ ಜೋರಾಗಿ ತಳ್ಳಿದರೆ ಬೆನ್ನುಮೂಳೆ ಮುರಿಯುತ್ತೆ! ಅದಕ್ಕೇ ಮದ್ದು ಒಂದಾದ ಮೇಲೊಂದು ಎರಡು ಸಲ ಸಿಡಿಯುವಂತೆ ಮಾಡಿದರು. 1945ರಲ್ಲಿ ಅವರ ಕಾರ್ಖಾನೆಯ ಬರ್ನಾರ್ಡ್ ಲಿಂಚ್ ನೆಲದ ಮೇಲಿನ ಪರೀಕ್ಷೆಗೆ ತಾವೇ ಕೂತರು. 1946ರ ಜುಲೈ 24ರಂದು ಅದೇ ಲಿಂಚ್, ಹಾರುತ್ತಿದ್ದ ಮೀಟಿಯರ್ ಜೆಟ್‌ನಿಂದ 8,000 ಅಡಿ ಎತ್ತರದಲ್ಲಿ ಚಿಮ್ಮಿ ಕ್ಷೇಮವಾಗಿ ಇಳಿದರು. ಎಂಥಾ ಗುಂಡಿಗೆ ನೋಡಿ!

ಮಾರ್ಟಿನ್ 1981ರಲ್ಲಿ ನಿಧನರಾದರು. ಅವರ ಕಂಪನಿಯ ಸೀಟುಗಳಿಂದ 7,000ಕ್ಕೂ ಹೆಚ್ಚು ಜನ ಬದುಕಿದ್ದಾರೆ. ಬೆಂಗಳೂರಿನ ಎಚ್.ಎ.ಎಲ್. ತಯಾರಿಸುವ ತೇಜಸ್‌ನಲ್ಲೂ ಇದೇ ಸೀಟು. 2024ರಲ್ಲಿ ಜೈಸಲ್ಮೇರ್ ಹತ್ತಿರ ತೇಜಸ್ ಬಿದ್ದಾಗ ಪೈಲಟ್ ಹೀಗೇ ಪಾರಾದರು.