ಗಾನಯೋಗಿ ಶ್ರೀ ಪಂಚಾಕ್ಷರ ಗವಾಯಿಗಳವರ ತಾಳಸಾಧನೆ

ಸಂಗೀತಕ್ಕೆ ಶ್ರುತಿಯು ತಾಯಿ, ಲಯವು ತಂದೆ ಎಂದು ಬಲ್ಲವರು ಹೇಳುತ್ತ ಬಂದಿರುವರು. ಶ್ರುತಿಯು ಕಿವಿಗೆ ದೊರೆಯುವ ವಸ್ತು. ಲಯವಾದರೋ ಕಿವಿಯೊಂದರಿಂದಲೇ ವಶವಾಗತಕ್ಕದ್ದಲ್ಲ. ನಾಲಿಗೆಯು ಅದನ್ನು ನುಡಿಯಬೇಕು, ಅಂಗೈಯು ಅದನ್ನು ಅಳೆಯಬೇಕು, ಉಸಿರು ಅದಕ್ಕೆ ಒಳಪಡಬೇಕು. ಹೀಗೆ ಕಾಯವೆಲ್ಲವೂ ಕಲಿತಲ್ಲದೆ ಲಯವು ನೆಲೆಗೊಳ್ಳುವುದಿಲ್ಲ. ಈ ತತ್ತ್ವವನ್ನು ತಮ್ಮ ಬಾಳಿನಲ್ಲಿ ಸಿದ್ಧಿಸಿಕೊಂಡು, ದಿಕ್ಕಿಲ್ಲದ ನೂರಾರು ಮಕ್ಕಳಿಗೆ ಅದನ್ನೇ ಬಾಳಿನ ಊರುಗೋಲಾಗಿ ಕೊಟ್ಟ ಮಹಾತ್ಮರು ಗದುಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮದ ಶ್ರೀ ಪಂಚಾಕ್ಷರ ಗವಾಯಿಗಳವರು.

ಇವರು 1892ನೆಯ ಇಸವಿಯಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಗುರುಪಾದಯ್ಯ ಮತ್ತು ನೀಲಮ್ಮ ಎಂಬ ಶಿವಭಕ್ತ ದಂಪತಿಗಳ ಉದರದಲ್ಲಿ ಜನಿಸಿದರು. ತಂದೆತಾಯಿಗಳಿಟ್ಟ ಹೆಸರು ಗದಿಗೆಯ್ಯ. ಇವರಿಗೂ ಇವರ ಅಣ್ಣನಾದ ಗುರುಬಸವಯ್ಯನಿಗೂ ಹುಟ್ಟಿನಿಂದಲೇ ದೃಷ್ಟಿಯಿರಲಿಲ್ಲ. ಆ ಕಾಲದಲ್ಲಿ ಬಡವರ ಮನೆಯ ಅಂಧ ಬಾಲಕರಿಗೆ ಭಿಕ್ಷಾಟನೆಯ ಹೊರತು ಬೇರೆ ದಾರಿ ತೋರುತ್ತಿದ್ದಿಲ್ಲ. ಆದರೆ ಈ ಸೋದರರ ಕಂಠದಲ್ಲಿ ಮಾಧುರ್ಯವಿದ್ದಿತು. ಅದನ್ನು ಗುರುತಿಸಿ ಅವರನ್ನು ಕೈಹಿಡಿದವರು ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರು (1867–1930). ಮಲಪ್ರಭೆಯ ತಡಿಯಲ್ಲಿ 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಆ ಪೂಜ್ಯರು ಯೋಗ, ಶಾಸ್ತ್ರ, ವೈದ್ಯಗಳಂತೆ ಸಂಗೀತವೂ ಸಮಾಜಕ್ಕೆ ಬೇಕಾದ ವಿದ್ಯೆಯೆಂದು ಬಗೆದವರು. ಬಾಲಕರ ಶಿಕ್ಷಣದ ಭಾರವನ್ನು ಅವರೇ ವಹಿಸಿದರು. ಮುಂದೆ ಅಣ್ಣನು ಚಿಕ್ಕ ಪ್ರಾಯದಲ್ಲಿಯೇ ಲಿಂಗೈಕ್ಯನಾಗಲು ತಮ್ಮನು ಒಬ್ಬನೇ ಉಳಿದನು. ಜೊತೆಗೆ ಹಾಡುತ್ತಿದ್ದ ಕಂಠವು ನಿಂತುಹೋದ ದುಃಖದಲ್ಲಿಯೂ ವಿದ್ಯೆಯು ಕೈಬಿಡಲಿಲ್ಲ.

ಗದಿಗೆಯ್ಯನು ಮೊದಲು ಕರ್ನಾಟಕ ಪದ್ಧತಿಯನ್ನು ಅಭ್ಯಾಸಮಾಡಿದನು. ಆ ಪದ್ಧತಿಯಲ್ಲಿ ತಾಳವು ಕೈಯಲ್ಲಿಯೇ ಇರುತ್ತದೆ. ಆದಿತಾಳವನ್ನೇ ನೋಡಿದರೆ, ಮೊದಲು ಒಂದು ಘಾತ, ಬಳಿಕ ಕಿರುಬೆರಳು, ಉಂಗುರಬೆರಳು, ನಡುಬೆರಳುಗಳ ಎಣಿಕೆ. ಇದು 4 ಅಕ್ಷರಗಳ ಲಘು. ಅನಂತರ ಒಂದು ಘಾತ, ಒಂದು ಬೀಸು. ಇದು 2 ಅಕ್ಷರಗಳ ದ್ರುತ. ಮತ್ತೊಂದು ದ್ರುತದೊಡನೆ 8 ಅಕ್ಷರಗಳು ತುಂಬಿ ಆವರ್ತವು ಪೂರ್ಣವಾಗುವುದು. ಕೈಯು ಹೀಗೆ ಅಳೆಯುತ್ತಿರುವಾಗ ನಾಲಿಗೆಯು ಜತಿಗಳನ್ನು ನುಡಿಯುವುದು: ಮೂರಕ್ಕೆ ತಕಿಟ, ನಾಲ್ಕಕ್ಕೆ ತಕಧಿಮಿ, ಐದಕ್ಕೆ ತಕತಕಿಟ. ಇದಕ್ಕೆ ಬರಹ ಬೇಕಿಲ್ಲ, ಹೊತ್ತಿಗೆ ಬೇಕಿಲ್ಲ. ಕಣ್ಣುಳ್ಳವನು ಹೊತ್ತಿಗೆಯನ್ನು ನೆಚ್ಚಿ ಕಲಿತದ್ದನ್ನು ಮರೆತಾನು. ಬೆರಳ ತುದಿಯಲ್ಲಿ ಕುಳಿತದ್ದು ಮರೆಯುವುದಿಲ್ಲ. ಇಷ್ಟಲಿಂಗವು ನೆಲೆಸುವ ಕರಸ್ಥಲವೇ ಕಾಲವನ್ನು ಅಳೆಯುವ ಸ್ಥಲವೂ ಆಯಿತೆಂದರೆ, ಆ ಅಂಧ ಸಾಧಕನಿಗೆ ಪೂಜೆ ಬೇರೆ, ಅಭ್ಯಾಸ ಬೇರೆ ಎಂಬ ಭೇದವು ಹೇಗೆ ಉಳಿದೀತು?

ತರುವಾಯ ಅವರು ಗ್ವಾಲಿಯರ ಘರಾಣೆಯ ಮಿರಜದ ಶ್ರೀ ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ ಗಾಯನವನ್ನು ಕಲಿತರು. ಧಾರವಾಡದ ಶ್ರೀ ಮಲ್ಲಿಕಾರ್ಜುನ ಮನಸೂರರಿಗೂ ಇವರೇ ಗುರುಗಳು. ಈ ಪದ್ಧತಿಯಲ್ಲಿ ತಾಳದ ನಡೆಯೇ ಬೇರೆ. ತೀನತಾಳಕ್ಕೆ 16 ಮಾತ್ರೆಗಳು. 1, 5 ಮತ್ತು 13ನೆಯ ಮಾತ್ರೆಗಳಿಗೆ ಚಪ್ಪಾಳೆ, 9ನೆಯದಕ್ಕೆ ಖಾಲಿ. ಖಾಲಿಯಲ್ಲಿ ಕೈಯು ತಟ್ಟದೆ ತೆರೆದುಕೊಳ್ಳುವುದು. ಆದರೂ ಅದು ಎಣಿಕೆಯಿಂದ ಹೊರಗಲ್ಲ. ಖಾಲಿಯನ್ನು ಅರಿತವನಿಗೇ ತಾನು ಆವರ್ತದಲ್ಲಿ ಎಲ್ಲಿರುವೆನೆಂಬುದು ತಿಳಿಯುವುದು, ಅವನೇ ತಪ್ಪದೆ ಸಮಕ್ಕೆ ಬಂದು ಸೇರುವನು. ಬಾಳಿನಲ್ಲಿ ಬರಿದಾಗಿ ಉಳಿದ ಒಂದು ಸ್ಥಾನವನ್ನೂ ಲೆಕ್ಕಕ್ಕೆ ಸೇರಿಸಿಕೊಂಡು ಪೂರ್ಣತೆಯನ್ನು ಪಡೆದ ಗವಾಯಿಗಳವರ ಚರಿತ್ರೆಗೆ ಇದಕ್ಕಿಂತ ಉಚಿತವಾದ ಉಪಮಾನವಿಲ್ಲ. ಎರಡೂ ಪದ್ಧತಿಗಳಲ್ಲಿ ಪಾರಂಗತರಾದ ಕಾರಣ ಅವರು ಉಭಯಗಾನವಿಶಾರದರೆನಿಸಿದರು. ಕಂಠವಲ್ಲದೆ ತಬಲಾ ಮುಂತಾದ ವಾದ್ಯಗಳೂ ಅವರಿಗೆ ವಶವಾಗಿದ್ದವು.

ಇಷ್ಟು ವಿದ್ಯೆಯುಳ್ಳವರು ರಾಜಾಸ್ಥಾನಗಳನ್ನು ಆಶ್ರಯಿಸಿ ಸುಖದಿಂದಿರಬಹುದಾಗಿತ್ತು. ಗವಾಯಿಗಳವರು ಆ ದಾರಿಯನ್ನು ಹಿಡಿಯಲಿಲ್ಲ. ಗುರುವಿನ ಅಪ್ಪಣೆಯನ್ನು ಶಿರಸಾವಹಿಸಿ, ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಊರಿಂದೂರಿಗೆ ಸಂಚರಿಸುವ ಪಾಠಶಾಲೆಯನ್ನು ನಡೆಯಿಸಿದರು. ಅಲ್ಲಿ ಅನ್ನಕ್ಕೂ ವಿದ್ಯೆಗೂ ಬೆಲೆಯಿರಲಿಲ್ಲ, ಜಾತಿಯ ವಿಚಾರಣೆಯಿರಲಿಲ್ಲ. ಶಿಷ್ಯರ ಹೊಟ್ಟೆಗಾಗಿ ನಾಟಕಮಂಡಳಿಯನ್ನೂ ಕಟ್ಟಿದರು. ಭಕ್ತರು ಕೊಟ್ಟ ದಿನ ಉಂಡು, ಕೊಡದ ದಿನ ಹಸಿದರೂ ಅಭ್ಯಾಸವು ನಿಲ್ಲಬಾರದೆಂಬುದು ಆ ಸಂಚಾರದ ಕಟ್ಟಳೆ. ಬೇಡುವುದಕ್ಕೆ ಚಾಚಬೇಕಾಗಿದ್ದ ಕೈಗಳು ಅಲ್ಲಿ ತಾಳ ಹಾಕಲು ಕಲಿತವು. ಮರುಕವನ್ನು ಯಾಚಿಸಬೇಕಾಗಿದ್ದ ನಾಲಿಗೆಗಳು ಬೋಲುಗಳನ್ನು ನುಡಿದವು. ಎಣಿಕೆಯೊಡನೆ ಉಸಿರು ನಿಧಾನವಾಯಿತು, ಉಸಿರಿನೊಡನೆ ಮನಸ್ಸು ಒಂದೆಡೆ ನಿಂತಿತು. ಮನಸ್ಸು ನಿಂತವನಿಗೆ ಅಂಜಿಕೆ ಕಡಿಮೆ. ವಿದ್ಯೆಯಿಂದ ದೊರೆತ ಜೀವನೋಪಾಯವು ದೊಡ್ಡದೇ ಸರಿ. ಅದಕ್ಕಿಂತ ದೊಡ್ಡದು, ತಾನು ಯಾರಿಗೂ ಹೊರೆಯಲ್ಲವೆಂಬ ಧೈರ್ಯ.

1936ರಲ್ಲಿ ವಿಜಯನಗರ ಸಾಮ್ರಾಜ್ಯದ ಸ್ಥಾಪನೆಯ 600ನೆಯ ವರ್ಷದ ಉತ್ಸವವು ಹಂಪಿಯಲ್ಲಿ ಜರುಗಿತು. ಆ ಸಭೆಯಲ್ಲಿ ಯಲಿವಾಳದ ತರುಣ ಬಸವರಾಜ ರಾಜಗುರುಗಳು ಹಾಡಿದರು. ತಬಲಾ ಸಾಥಿಗೆ ಕುಳಿತವರು ಸ್ವತಃ ಪಂಚಾಕ್ಷರ ಗವಾಯಿಗಳವರು. ಶಿಷ್ಯನು ಮುಂದೆ, ಗುರುವು ಪಕ್ಕದಲ್ಲಿ! ತನ್ನ ಕಂಠವನ್ನು ಹಿಂದಿರಿಸಿ, ಶಿಷ್ಯನ ಕಂಠಕ್ಕೆ ತನ್ನ ಕೈಗಳಿಂದ ನೆಲೆಯನ್ನು ಕಲ್ಪಿಸಿದ ಆ ಗುರುತ್ವವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ರಾಜಗುರುಗಳು ಮುಂದೆ ಹಿಂದುಸ್ತಾನಿ ಗಾಯನದಲ್ಲಿ ಅಖಿಲ ಭಾರತ ಕೀರ್ತಿಯನ್ನು ಪಡೆದರು.

ಕಡೆಯ ವರ್ಷಗಳಲ್ಲಿ ಗದುಗಿನಲ್ಲಿ ನೆಲೆಗೊಂಡ ಗವಾಯಿಗಳವರು 1944ರಲ್ಲಿ ಲಿಂಗೈಕ್ಯರಾದರು. ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡು, ಅವರ ಮಡಿಲಿನಲ್ಲಿ ಬೆಳೆದ ಶ್ರೀ ಪುಟ್ಟರಾಜ ಗವಾಯಿಗಳವರು ಆಶ್ರಮದ ಭಾರವನ್ನು ಹೊತ್ತು 2010ರವರೆಗೆ ನಡೆಯಿಸಿದರು. ಗುರುವು ತೊಡಗಿದ ಆವರ್ತವು ಶಿಷ್ಯನಲ್ಲಿ ಮುಂದುವರಿಯಿತು.

ಅಂಬೇವಾಡಿ, ದಾಂಡೇಲಿ, ಹಳಿಯಾಳ ಸೀಮೆಯ ಭಕ್ತರಿಗೆ ಗದುಗು ಧಾರವಾಡ, ಹುಬ್ಬಳ್ಳಿಗಳ ಮಾರ್ಗವಾಗಿ ಒಂದು ದಿನದೊಳಗೆ ಮುಟ್ಟಬಹುದಾದ ಕ್ಷೇತ್ರ. ಅಲ್ಲಿಯ ಗದ್ದುಗೆಯ ದರ್ಶನವನ್ನು ಮಾಡಿ ಬರುವುದು ಪುಣ್ಯಪ್ರದವಾದುದು. ಮನೆಯಲ್ಲಿ ಭಜನೆಗೆ ಕುಳಿತಾಗ ಮಗುವಿನ ಕೈಹಿಡಿದು ಎಂಟು ಅಕ್ಷರಗಳ ಎಣಿಕೆಯನ್ನು ಕಲಿಸುವುದೂ ಆ ಮಹಾತ್ಮರ ಸೇವೆಯೇ ಆಗಿದೆ. ಸದ್ಗುರುವಿನ ಕೃಪೆಯಿಂದ ಸರ್ವರ ಕಾಯವೂ ಕಂಠವೂ ಮನವೂ ಒಂದೇ ಲಯದಲ್ಲಿ ನಡೆಯುವಂತಾಗಲಿ.