ಶಸ್ತ್ರವೈದ್ಯ ಹಾಲ್‌ಸ್ಟೆಡನ ಚರಿತ್ರೆ

ಹಲ್ಲುನೋವಿನ ಬಾಧೆಯನ್ನು ಅರಿಯದವರು ನಮ್ಮಲ್ಲಿ ವಿರಳ. ಈಗಿನ ದಂತವೈದ್ಯರು ಮೊದಲು ಸಣ್ಣ ಸೂಜಿಯಿಂದ ಮದ್ದನ್ನು ಚುಚ್ಚಿ, ಆ ಭಾಗವು ಮರಗಟ್ಟಿದ ಮೇಲೆಯೇ ಹಲ್ಲನ್ನು ಕೀಳುತ್ತಾರೆ. ರೋಗಿಯು ಎಚ್ಚರವಾಗಿದ್ದರೂ ನೋವನ್ನು ಕಾಣನು. ಈ ಉಪಕಾರಕ್ಕೆ ಕಾರಣರಾದವರಲ್ಲಿ ಮುಖ್ಯನಾದ ವಿಲಿಯಂ ಸ್ಟೀವರ್ಟ್ ಹಾಲ್‌ಸ್ಟೆಡ್ ಎಂಬವನ ಚರಿತ್ರೆಯನ್ನೂ, ಅದಕ್ಕಾಗಿ ಆತನು ತೆತ್ತ ಬೆಲೆಯನ್ನೂ ನಾವು ವಾಚಕರಿಗೆ ಸಂಕ್ಷೇಪವಾಗಿ ತಿಳಿಸುವೆವು.

ಈತನು 1852ನೇ ಇಸವಿ ಸೆಪ್ಟೆಂಬರ್ 23ರಲ್ಲಿ ಅಮೇರಿಕಾ ದೇಶದ ನ್ಯೂಯಾರ್ಕ್ ಪಟ್ಟಣದಲ್ಲಿ ಧನವಂತನಾದ ವರ್ತಕನ ಮಗನಾಗಿ ಹುಟ್ಟಿದನು. ಯೇಲ್ ಕಾಲೇಜಿನಲ್ಲಿದ್ದಾಗ ಪುಸ್ತಕಕ್ಕಿಂತ ಆಟದಲ್ಲಿಯೇ ಆತನ ಮನಸ್ಸು ಹೆಚ್ಚಾಗಿತ್ತು. ಆದರೆ ಕಡೆಯ ವರುಷದಲ್ಲಿ ದೇಹರಚನೆಯ ಗ್ರಂಥವೊಂದನ್ನು ಕೊಂಡು ಓದಲಾಗಿ, ವೈದ್ಯವಿದ್ಯೆಯ ಮೇಲೆ ಆಶೆಯುಂಟಾಯಿತು. 1877ರಲ್ಲಿ ವೈದ್ಯಪದವಿಯನ್ನು ಹೊಂದಿ, ವಿಯೆನ್ನಾ ಮೊದಲಾದ ಪಟ್ಟಣಗಳಲ್ಲಿ ಎರಡು ವರುಷ ಕಲಿತು, 1880ರಲ್ಲಿ ಸ್ವದೇಶಕ್ಕೆ ಹಿಂತಿರುಗಿದನು.

1884ರ ಸೆಪ್ಟೆಂಬರ್ ತಿಂಗಳಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಎಂಬ ವೈದ್ಯನು ಕಣ್ಣಿಗೆ ಕೊಕೇನ್ ದ್ರವವನ್ನು ಹಾಕಿದರೆ ಕಣ್ಣು ಮರಗಟ್ಟುವದೆಂದು ಪ್ರಕಟಿಸಿದನು. ಈ ವರ್ತಮಾನವನ್ನು ಕೇಳಿದ ಹಾಲ್‌ಸ್ಟೆಡನೂ ಆತನ ಜೊತೆಗಾರನಾದ ರಿಚರ್ಡ್ ಹಾಲನೂ ಮತ್ತೊಂದನ್ನು ಯೋಚಿಸಿದರು. ಮದ್ದನ್ನು ಮೇಲಕ್ಕೆ ಹಚ್ಚದೆ ನರದ ಬುಡದಲ್ಲಿ ಚುಚ್ಚಿದರೆ, ಆ ನರವು ಹರಡಿರುವ ಭಾಗವೆಲ್ಲಾ ಮರಗಟ್ಟಬೇಕಷ್ಟೆ? ಅವರು ಇದನ್ನು ತಮ್ಮ ದೇಹಗಳ ಮೇಲೆಯೇ ಶೋಧಿಸಿದರು. ಅದೇ ವರುಷದ ಕೊನೆಯಲ್ಲಿ ಹಾಲನ ಮೇಲಿನ ಮುಂಬಲ್ಲನ್ನು ತುಂಬಿಸಬೇಕಾದಾಗ, ದಂತವೈದ್ಯನೊಬ್ಬನು ಕಣ್ಣಿನ ಕುಳಿಯ ಕೆಳಗೆ ನರವು ಹೊರಡುವ ರಂಧ್ರದ ಬಳಿಯಲ್ಲಿ ಮದ್ದನ್ನು ಚುಚ್ಚಿದನು. ಮೇಲ್ದುಟಿಯ ಅರ್ಧವೂ ಆ ಹಲ್ಲೂ ಮರಗಟ್ಟಿ, ಕೆಲಸವು ನೋವಿಲ್ಲದೆ ಮುಗಿಯಿತು. ಹಾಲ್‌ಸ್ಟೆಡನು ಕೆಳದವಡೆಯ ನರವನ್ನೂ ಅದು ಎಲುಬನ್ನು ಹೊಗುವ ಸ್ಥಳದಲ್ಲಿ ಹೀಗೆಯೇ ತಡೆದನು.

ಇಲ್ಲಿ ಒಂದು ಭೇದವನ್ನು ತಿಳಿದುಕೊಳ್ಳತಕ್ಕದ್ದು. ಮೇಲ್ದವಡೆಯ ಹೊರಗಿನ ಎಲುಬು ತೆಳುವಾದದ್ದು, ಸೂಕ್ಷ್ಮ ರಂಧ್ರಗಳುಳ್ಳದ್ದು. ಆದಕಾರಣ ಬೇರಿನ ತುದಿಯ ಬಳಿಯಲ್ಲಿ ಬಿಟ್ಟ ಮದ್ದು ಎಲುಬಿನೊಳಗೆ ಇಂಗಿ ಹಲ್ಲಿನ ನರವನ್ನು ಮುಟ್ಟುವದು. ಕೆಳದವಡೆಯ ಎಲುಬು ದಪ್ಪವಾದದ್ದರಿಂದ ಅಲ್ಲಿ ನರದ ಬುಡವನ್ನೇ ಹುಡುಕಬೇಕು. ಇನ್ನು ಅಂಗಳದ ಕಡೆಗೆ ಬೇರೆ ನರವಿರುವದರಿಂದ, ಮೇಲಿನ ಹಲ್ಲನ್ನು ಕೀಳುವಾಗ ಅಲ್ಲಿಯೂ ಒಂದು ಸಾರಿ ಚುಚ್ಚುವದುಂಟು.

ಆದರೆ ಕೊಕೇನ್ ಮನುಷ್ಯನನ್ನು ದಾಸನನ್ನಾಗಿ ಮಾಡುವದೆಂದು ಅವರಿಗೆ ತಿಳಿದಿರಲಿಲ್ಲ. ಶೋಧಿಸಲು ಚುಚ್ಚಿಕೊಂಡದ್ದೇ ದುರಭ್ಯಾಸವಾಗಿ ಅವರನ್ನು ಹಿಡಿಯಿತು. ಹಾಲನು ನ್ಯೂಯಾರ್ಕನ್ನು ಬಿಟ್ಟು ಹೋಗಿ 1897ರಲ್ಲಿ ತೀರಿಹೋದನು. ಹಾಲ್‌ಸ್ಟೆಡನು 1886ರಲ್ಲಿ ಪ್ರಾವಿಡೆನ್ಸ್ ಪಟ್ಟಣದ ಆಸ್ಪತ್ರೆಯನ್ನು ಸೇರಿ ತಿಂಗಳುಗಟ್ಟಳೆ ಅಲ್ಲಿದ್ದನು. ಅನಂತರ ಮಾರ್ಫಿಯಾ ಎಂಬ ಮತ್ತೊಂದು ಮದ್ದು ಆತನನ್ನು ಹಿಡಿಯಿತು. ಈ ಗುಟ್ಟು ಆತನ ಸ್ನೇಹಿತನಾದ ಆಸ್ಲರ್ ವೈದ್ಯನ ಬರಹದಿಂದ 1969ರಲ್ಲಿ ಮಾತ್ರ ಲೋಕಕ್ಕೆ ತಿಳಿದುಬಂತು.

ಬಿದ್ದವನನ್ನು ಕೈಬಿಡದೆ, ವಿಲಿಯಂ ವೆಲ್ಚ್ ಎಂಬ ಸ್ನೇಹಿತನು ಬಾಲ್ಟಿಮೋರಿಗೆ ಕರೆದುಕೊಂಡನು. ಅಲ್ಲಿ 1889ರಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹಾಲ್‌ಸ್ಟೆಡನು ಮುಖ್ಯ ಶಸ್ತ್ರವೈದ್ಯನಾದನು. ಅವಸರವಿಲ್ಲದೆ, ರಕ್ತವನ್ನು ಹೆಚ್ಚು ಸುರಿಸದೆ, ಮಾಂಸವನ್ನು ಮೃದುವಾಗಿ ಮುಟ್ಟುವ ರೀತಿಯನ್ನು ಕಲಿಸಿದನು. ಕ್ರಿಮಿನಾಶಕ ಮದ್ದಿನಿಂದ ಕೈಗಳು ಹುಣ್ಣಾದ ಕರೋಲಿನ್ ಹ್ಯಾಂಪ್ಟನ್ ಎಂಬ ದಾದಿಗಾಗಿ ತೆಳುವಾದ ರಬ್ಬರು ಕೈಚೀಲಗಳನ್ನು ಮಾಡಿಸಿದನು. 1890ರಲ್ಲಿ ಆಕೆಯನ್ನೇ ಮದುವೆಯಾದನು. 1922ರಲ್ಲಿ ಅಮೇರಿಕದ ದಂತವೈದ್ಯರ ಸಂಘವು ಆತನ ಮೊದಲಿನ ಶೋಧನೆಗಾಗಿ ಆತನನ್ನು ಗೌರವಿಸಿತು. ಅದೇ ವರುಷ ಸೆಪ್ಟೆಂಬರ್ 7ರಲ್ಲಿ ಆತನು ಮೃತನಾದನು.

ಕೊಕೇನನ್ನು ದಂತವೈದ್ಯರು ಬಿಟ್ಟು ಬಹುಕಾಲವಾಯಿತು. ಜರ್ಮನಿಯ ಐನ್‌ಹಾರ್ನನು ಕಂಡುಹಿಡಿದ ನೊವೊಕೇನ್ 1905ರಿಂದ ಬಳಕೆಗೆ ಬಂತು. 1943ರಲ್ಲಿ ಸ್ವೀಡನ್ ದೇಶದ ಲೋಫ್‌ಗ್ರೆನನು ಸಿದ್ಧಮಾಡಿದ ಲಿಗ್ನೊಕೇನ್ ಇಂದಿಗೂ ನಡೆಯುತ್ತಿದೆ. ಇವು ಮನುಷ್ಯನನ್ನು ದಾಸನನ್ನಾಗಿ ಮಾಡುವವುಗಳಲ್ಲ. ಆದಕಾರಣ ವಾಚಕರೇ, ಸೂಜಿಗೆ ಹೆದರಿ ಕೊಳೆತ ಹಲ್ಲನ್ನು ಬಾಯಲ್ಲಿಟ್ಟುಕೊಂಡು ಕೀವು ತುಂಬುವ ವರೆಗೆ ನರಳಬೇಡಿರಿ. ಹೃದಯದ ರೋಗವಿದ್ದರೆ, ಅಥವಾ ಹಿಂದೆ ಯಾವದಾದರೂ ಮದ್ದು ಒಗ್ಗದೆ ಹೋಗಿದ್ದರೆ, ಅದನ್ನು ವೈದ್ಯನಿಗೆ ಮೊದಲೇ ಹೇಳಿರಿ. ಮರಗಟ್ಟಿದ್ದು ಇಳಿಯುವ ವರೆಗೆ ಬಿಸಿ ಗಂಜಿಯನ್ನು ಕುಡಿಯಬೇಡಿರಿ. ಮಕ್ಕಳು ತುಟಿಯನ್ನು ಕಚ್ಚಿಕೊಳ್ಳದಂತೆ ನೋಡಿಕೊಳ್ಳಿರಿ. ಅಮಲಿನ ಮದ್ದಿಗೆ ಸಿಕ್ಕಿದ ನೆರೆಯವನನ್ನು ಕಂಡರೆ ಹೀನೈಸದೆ, ವೆಲ್ಚನು ಮಾಡಿದಂತೆ ಕೈಹಿಡಿದು ಎಬ್ಬಿಸಿರಿ.